ಗಾಳಿಮರದ ಕಾಯಿಗೆ ಚಿನ್ನದ ಬಣ್ಣ

ಒಳ್ಳೆಯ ಪೇಂಟರ್ ಕೈಯಿಟ್ಟ ಜಾಗ ಯಾರಿಗೂ ಗೊತ್ತಾಗಬಾರದು. ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲು ಟಿಂಕರಿಂಗ್ ಆಗಿ, ಪುಟ್ಟಿ ಹಚ್ಚಿಸಿಕೊಂಡು, ಉಜ್ಜಿಸಿಕೊಂಡು, ಬಣ್ಣ ಹೊಡೆಸಿಕೊಂಡು ಹೊರಗೆ ಬಂದಾಗ ಹಳೆಯ ಬಣ್ಣ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಮಾಲೀಕನಿಗೇ ತಿಳಿಯದಿದ್ದರೆ ಅದು ಕಸುಬು. ಮಂಗಳೂರಿನ ಹೊರವಲಯದ ಗ್ಯಾರೇಜೊಂದರಲ್ಲಿ ಇಂಥ ಕಾಣದ ಕೆಲಸವನ್ನೇ ಮಾಡುತ್ತ ಬಂದ ಹಿರಿಯರೊಬ್ಬರು ಈಗ ವರ್ಷಕ್ಕೊಮ್ಮೆ ಊರಿಗೆಲ್ಲ ಕಾಣುವ ಕೆಲಸ ಮಾಡಿಸುತ್ತಾರೆ. ಡಿಸೆಂಬರ್ ಬಂತೆಂದರೆ ಅವರ ಅಂಗಳದಲ್ಲಿ ಗೆರಟೆ, ಗಾಳಿಮರದ ಕಾಯಿ, ಅಡಿಕೆ ಹಾಳೆ, ಸುಟ್ಟುಹೋದ ಬಲ್ಬು ಎಲ್ಲವೂ ಬೆಳ್ಳಿ ಬಂಗಾರವಾಗುತ್ತವೆ.

ಅಕ್ಕಪಕ್ಕದ ತುಳು ಮಾತಿನ ಮನೆಗಳಿಗೆ, ಕ್ಯಾಥೊಲಿಕರನ್ನು ಕರೆಯುವ ವಾಡಿಕೆಯಂತೆ, ಅವರು ಪೊರ್ಬುಗಳು. ಇಗರ್ಜಿ ವಾರ್ಡಿನ ಕೊಂಕಣಿ ಮಕ್ಕಳಿಗೆ ಬಾಪ್ಪು, ಎಂದರೆ ಚಿಕ್ಕಪ್ಪ. ಹೆಸರು ಹಾಕಬೇಡಿ ಎಂದು ಮೊದಲೇ ಹೇಳಿಬಿಟ್ಟರು. "ಗೋದಲಿ ವಾರ್ಡಿನದ್ದು ಮಾರಾಯ್ರೆ, ನನ್ನದಲ್ಲ. ಹೆಸರು ಹಾಕುವುದಾದರೆ ಎಲ್ಲರದ್ದೂ ಹಾಕಬೇಕಾಗ್ತದೆ."

ಕರಾವಳಿಯ ಕ್ಯಾಥೊಲಿಕರಲ್ಲಿ ಕ್ರಿಸ್ಮಸ್ ಎಂದರೆ ಮನೆ ಬಾಗಿಲಲ್ಲಿ ನಕ್ಷತ್ರ, ಡಬ್ಬಿಯಲ್ಲಿ ಕುಸ್ವಾರ್ ತಿಂಡಿ, ಅಂಗಳದಲ್ಲೋ ಚಾವಡಿಯಲ್ಲೋ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಡಬ್ಬಿಗಳಲ್ಲಿ ಭತ್ತ ಮೊಳಕೆ ಹಾಕಿದರೆ ಇಪ್ಪತ್ತನಾಲ್ಕರ ರಾತ್ರಿಗೆ ಗೋದಲಿಯ ಮುಂದೆ ಹಸಿರು ಗದ್ದೆ ಸಿದ್ಧ. ಮನೆಮನೆಯ ಗೋದಲಿಯಲ್ಲದೆ ವಾರ್ಡಿಗೆ ಸೇರಿದ್ದೂ ಒಂದಿರುತ್ತದೆ. ವಾರ್ಡಿನ ಮುಖಂಡರಾದ ಗುರ್ಕಾರರು ಮನೆಗಳಿಂದ ಒಟ್ಟುಮಾಡಿದ ದುಡ್ಡಿನಲ್ಲಿ ಅದರ ಖರ್ಚು ಹೋಗಬೇಕು. ಬಾಪ್ಪು ಪೇಂಟಿನಂಗಡಿಯಿಂದ ತರಿಸುವುದು ನಾಲ್ಕೇ ಡಬ್ಬಿ ಸ್ಪ್ರೇ: ಚಿನ್ನ, ಬೆಳ್ಳಿ, ಕಡು ಹಸಿರು, ಬೂದು. ಡಬ್ಬಿಗೆ ದುಡ್ಡು ಕಡಿಮೆಯೇನಲ್ಲ. ಉಳಿದದ್ದೆಲ್ಲ ತೋಟದಿಂದ, ಕಡಲತೀರದಿಂದ ಬರಬೇಕು.

ಕಡಲತೀರ ಕೊಡುವುದು ಗಾಳಿಮರದ ಕಾಯಿಯನ್ನು. ಭಾನುವಾರದ ಪೂಜೆ ಮುಗಿಸಿ ಮಕ್ಕಳು ಸೈಕಲ್ಲಿನಲ್ಲಿ ಸಸಿಹಿತ್ಲಿಗೆ ಹೋಗಿ ಮರದಡಿ ಉದುರಿದ್ದನ್ನು ಚೀಲ ತುಂಬಿ ತರುತ್ತಾರೆ. ಈ ಮರ ನಮ್ಮದಲ್ಲ, ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ಕಡೆಯದು. 1868ರ ಸುಮಾರಿಗೆ ಕಾರವಾರದ ಮರಳಿನಲ್ಲಿ ಇದನ್ನು ನೆಟ್ಟು ಬೆಳೆಸತೊಡಗಿದರು. ಆಗ ಅದರಿಂದ ಬೇಕಾಗಿದ್ದದ್ದು ಸೌದೆ. ಇಂದು ಕರಾವಳಿಯ ಎಷ್ಟೋ ಮನೆಗಳಿಗೆ ಕ್ರಿಸ್ಮಸ್ ಮರವೆಂದರೆ ಇದರದ್ದೇ ಒಂದು ಗೆಲ್ಲು. ಬೆರಳ ತುದಿಯಷ್ಟು ದೊಡ್ಡ ಕಾಯಿ, ಮೈತುಂಬ ಅರೆತೆರೆದ ಸಣ್ಣ ಸಣ್ಣ ಬಾಯಿಗಳು. ಒಂದೆರಡು ಬಿಸಿಲು ಕಾಣಿಸಿ, ಗೋಣಿಯಲ್ಲಿ ಹಾಕಿ ಕುಲುಕಿದರೆ ಬೀಜ, ಮರಳು ಎಲ್ಲ ಉದುರುತ್ತವೆ. ಆಮೇಲೆ ಒಂದೊಂದನ್ನೂ ಹಿಡಿಸೂಡಿ ಕಡ್ಡಿಗೆ ಚುಚ್ಚಿ, ಕಡ್ಡಿಯನ್ನು ಬಾಳೆದಿಂಡಿಗೆ ಸಿಕ್ಕಿಸಿ ನಿಲ್ಲಿಸುತ್ತಾರೆ. ಬಣ್ಣ ಹೊಡೆಯುವಾಗ ಕಡ್ಡಿ ತಿರುಗಿಸಿದರೆ ಸಾಕು, ಕಾಯಿಗೆ ಕೈ ತಾಗುವುದಿಲ್ಲ. ಒಣಗುವ ತನಕ ದಿಂಡೇ ಅದನ್ನು ಹಿಡಿದುಕೊಂಡಿರುತ್ತದೆ.

ಬಣ್ಣ ಹೊಡೆಯುವುದರಲ್ಲಿ ಬಾಪ್ಪುವಿನ ಗ್ಯಾರೇಜು ಪೂರ್ತಿ ಎದ್ದು ಬರುತ್ತದೆ. ಮೊದಲ ಪಾಠ ಕುಲುಕುವುದು. ಡಬ್ಬಿಯೊಳಗಿನ ಗುಂಡು ಸಡಿಲವಾಗಿ ಸದ್ದು ಮಾಡತೊಡಗಿದ ಮೇಲೂ ಒಂದೆರಡು ನಿಮಿಷ ಕುಲುಕುತ್ತಲೇ ಇರಬೇಕು. ಇಲ್ಲದಿದ್ದರೆ ಚಿನ್ನದ ಪುಡಿಯೆಲ್ಲ ತಳದಲ್ಲೇ ಉಳಿದು ಬರೀ ವಾರ್ನಿಷು ಬರುತ್ತದೆ. ಎರಡನೆಯದು ದೂರ: ಗೇಣಿಗಿಂತ ತುಸು ಹೆಚ್ಚು. ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ, ದೂರ ಹಿಡಿದರೆ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಮೂರನೆಯದು ಕೈಯ ಓಟ. ವಸ್ತುವಿನ ಆಚೆಯೇ ಒತ್ತಲು ಶುರುಮಾಡಿ, ಅದರ ಮೇಲೆ ಹಾದು, ಈಚೆ ಬಂದು ಬಿಡಬೇಕು. ಮೊದಲ ಸುತ್ತಿಗೆ ಕಾಯಿ ಪೂರ್ತಿ ಮುಚ್ಚಿದರೆ ಬಾಪ್ಪು ಗದರುತ್ತಾರೆ. "ಒಂದೇ ಸಲಕ್ಕೆ ಆಸೆ ಮಾಡಬಾರ್ದು. ಮೊದಲನೇ ಕೋಟು ಇದ್ದೂ ಇಲ್ಲದ ಹಾಗೆ ಇರಬೇಕು. ಮೂರನೇದರಲ್ಲಿ ಬಣ್ಣ ತಾನಾಗಿ ಬರ್ತದೆ."

ಬೆಳಿಗ್ಗೆ ಹತ್ತರ ಮೊದಲು ಅವರು ಡಬ್ಬಿ ಮುಟ್ಟಗೊಡುವುದಿಲ್ಲ. ಇಬ್ಬನಿ ಆರದ ಗಾಳಿಯಲ್ಲಿ ಹೊಡೆದ ಬಣ್ಣ ಹೊಳಪು ಕಳೆದುಕೊಂಡು ಮಂಕಾಗುತ್ತದೆ. ಡಬ್ಬಿಯಿಂದ ಬಣ್ಣ ತಳ್ಳುವ ಅನಿಲ ಬೆಂಕಿ ಹಿಡಿಯುವಂಥದ್ದು, ಹಾಗಾಗಿ ನೀರು ಕಾಯಿಸುವ ಒಲೆ ಆರಿದ ಮೇಲೆಯೇ ಕೆಲಸ. ಖಾಲಿ ಡಬ್ಬಿಯನ್ನು ಕಸದ ಬೆಂಕಿಗೆ ಎಸೆದರೆ ಸಿಡಿಯುತ್ತದೆ ಎಂಬುದನ್ನು ಪ್ರತಿ ವರ್ಷ ಪ್ರತಿ ಮಗುವಿನ ಬಾಯಲ್ಲೂ ಹೇಳಿಸುತ್ತಾರೆ.

ಇನ್ನು ಉಳಿತಾಯದ ವಿದ್ಯೆ. ಚಿನ್ನದ ಡಬ್ಬಿ ಬೇಗ ಮುಗಿಯುತ್ತದೆ. ಅದಕ್ಕೆ ಕಾಯಿಗಳನ್ನು ಮೊದಲು, ಯಾರದೋ ಮನೆಯ ಗೋಡೆಗೆ ಬಳಿದು ಮಿಕ್ಕ ಹಳದಿ ಪೇಂಟನ್ನು ತೆಳು ಮಾಡಿ ಅದರಲ್ಲಿ ಅದ್ದಿ ತೆಗೆಯುತ್ತಾರೆ. ಹಳದಿಯ ಮೇಲೆ ಚಿನ್ನ ಅರ್ಧ ಖರ್ಚಿನಲ್ಲಿ ತುಂಬಿಕೊಳ್ಳುತ್ತದೆ, ಕಾಯಿಯ ಬಾಯಿಗಳೊಳಗೂ ಕಪ್ಪು ಉಳಿಯುವುದಿಲ್ಲ. ಬೆಳ್ಳಿಗೆ ಅಡಿಯಲ್ಲಿ ಬೂದು. ಹೊಡೆಯುವುದೆಲ್ಲ ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಗೋಡೆಗಳಿಗೆ ಸಿಮೆಂಟು ಚೀಲದ ಕಾಗದವನ್ನು ಮುದ್ದೆ ಮಾಡಿ ಬಿಡಿಸಿ ಅಂಟಿಸಿರುತ್ತಾರೆ. ಗುರಿ ತಪ್ಪಿದ ಬೂದು, ಹಸಿರು, ಬೆಳ್ಳಿಯೆಲ್ಲ ಆ ಸುಕ್ಕುಗಳ ಮೇಲೆ ಕೂತು ಕೂತು ವಾರದೊಳಗೆ ಅದು ಪಾಚಿ ಹಿಡಿದ ಬಂಡೆಯೇ ಆಗಿಬಿಡುತ್ತದೆ. ಗೋದಲಿಯ ಗುಹೆಗೆ ಬೇರೆ ಬಣ್ಣ ಬೇಡ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಹಿಡಿದು ಬರೀ ಗಾಳಿ ಬರುವ ತನಕ ಒತ್ತುತ್ತಾರೆ. ಮೂತಿ ಕಟ್ಟಿಕೊಳ್ಳದಿದ್ದರೆ ಉಳಿದ ಬಣ್ಣ ಮುಂದಿನ ವರ್ಷಕ್ಕೂ ಬರುತ್ತದೆ.

ಗೆರಟೆಯ ಗಂಟೆ, ಹಾಳೆಯ ದೇವದೂತರ ರೆಕ್ಕೆ ಇವೆಲ್ಲ ಕತ್ತರಿಸಿ ಅಂಟಿಸುವ ಕೆಲಸ. ಥರ್ಮೋಕೋಲಿನ ಮೇಲೆ ನೇರವಾಗಿ ಸ್ಪ್ರೇ ಹೊಡೆದರೆ ಅದು ಕರಗಿ ಗುಳಿ ಬೀಳುತ್ತದೆ, ಮೊದಲು ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಬೇಕು. ಬಾಪ್ಪುವಿಗೆ ಮಾತ್ರ ಥರ್ಮೋಕೋಲ್ ಕಂಡರಾಗದು.

ಅವರು ಚಿಕ್ಕವರಿದ್ದಾಗ ಊರಿನಲ್ಲಿ ಸ್ಪ್ರೇ ಡಬ್ಬಿ ಸಿಗುತ್ತಿರಲಿಲ್ಲ. ಬೆಳ್ಳಿ ಪುಡಿಯನ್ನು ವಾರ್ನಿಷಿನಲ್ಲಿ ಕಲಸಿ, ಸೊಳ್ಳೆ ಮದ್ದು ಹೊಡೆಯುವ ಫ್ಲಿಟ್ ಪಂಪಿನಲ್ಲಿ ತುಂಬಿ ಅವರ ತಂದೆ ನಕ್ಷತ್ರಕ್ಕೆ ಹೊಡೆಯುತ್ತಿದ್ದರಂತೆ. ಡಬ್ಬಿಯ ಕಥೆಯೂ ಬೆಳ್ಳಿಯಿಂದಲೇ ಶುರು. 1949ರಲ್ಲಿ ಅಮೆರಿಕದ ಇಲಿನಾಯ್‌ನ ಎಡ್ವರ್ಡ್ ಸೀಮೂರ್ ಎಂಬ ಪೇಂಟ್ ವ್ಯಾಪಾರಿ ತನ್ನ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ದಾರಿ ಹುಡುಕುತ್ತಿದ್ದಾಗ, ಒತ್ತಿದರೆ ಚಿಮ್ಮುವ ಡಬ್ಬಿಗೆ ತುಂಬಿ ನೋಡಿ ಎಂದವಳು ಹೆಂಡತಿ ಬಾನಿ. ಗೋದಲಿಯದ್ದು ಇನ್ನೂ ಹಳೆಯ ಕಥೆ: 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿ ಹುಲ್ಲು ತುಂಬಿದ ಗೋದಲಿ, ಎತ್ತು, ಕತ್ತೆಗಳನ್ನಿಟ್ಟು ಕ್ರಿಸ್ತಜಯಂತಿ ಆಚರಿಸಿದರು. ಬಡವರ ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಬಡವರ ಮನೆಯಲ್ಲಿ ಸಿಗುವುದೇ ಸಾಕು ಎಂಬ ಮಾತು ಬಾಪ್ಪುವಿಗೆ ಆ ಕಥೆಯಿಂದ ಬಂದದ್ದು.

ಇಷ್ಟೆಲ್ಲ ಹೇಳಿಕೊಡುವ ಬಾಪ್ಪು ಈಗ ಡಬ್ಬಿ ಒತ್ತುವುದಿಲ್ಲ. ಗ್ಯಾರೇಜಿನಲ್ಲಿ ಮೂಗಿಗೆ ಬರೀ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದ ವರ್ಷಗಳು ಎದೆಯಲ್ಲಿ ಉಳಿದಿವೆ. ಪೇಂಟಿನ ಗಾಳಿ ಕುಡಿಯಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಅದಕ್ಕೇ ಅಂಗಳದಲ್ಲಿ ಒತ್ತುವ ಮಕ್ಕಳ ಮುಖಕ್ಕೆಲ್ಲ ಮಾಸ್ಕ್, ಗಾಳಿ ಬೆನ್ನಿಗಿರುವಂತೆ ನಿಲ್ಲುವ ಶಿಸ್ತು. ಅವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಹೇಳುತ್ತಾರೆ. ನೋಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ. ಸುಯ್ ಎನ್ನುವ ಸದ್ದು ಒಂದೇ ಕಡೆ ನಿಂತರೆ ಸಾಕು: "ಅಲ್ಲಿ ಇಳೀತು, ನೋಡು!"

ಆ ಸದ್ದು ಎಲ್ಲೂ ನಿಲ್ಲದಂತೆ ಒತ್ತಬಲ್ಲವಳು ವಾರ್ಡಿನಲ್ಲಿ ಒಬ್ಬಳೇ, ಪಿಯುಸಿ ಓದುವ ಹುಡುಗಿ. ಹಳೆಯ ಬಿಳಿ ಬೆಡ್‌ಶೀಟಿನ ತುಂಡಿನ ಮೇಲೆ ಬಾವಿಕಟ್ಟೆಯ ಜರಿಗಿಡದ ಎಲೆಯನ್ನಿಟ್ಟು, ತುದಿಗಳನ್ನು ಗುಂಡುಪಿನ್ನಿನಿಂದ ಒತ್ತಿ, ಮೇಲಿಂದ ಹಸಿರು ಹಾಯಿಸಿ ಎಲೆ ಎತ್ತಿದಾಗ ಬಟ್ಟೆಯಲ್ಲಿ ಬಿಳಿಯ ಜರಿಗಿಡ ಗರಿಗರಿಯಾಗಿ ಮೂಡಿತ್ತು. ಅಂಚಿನಲ್ಲಿ ಎಲ್ಲೂ ಬಣ್ಣ ನುಗ್ಗಿರಲಿಲ್ಲ. ಬಾಪ್ಪು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಗ್ಯಾರೇಜಿಗೆ ಆಗುವ ಕೈ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಪೇಟೆಯಲ್ಲಿ ಈಗ ಬಾಕ್ಸ್ ಬಿಚ್ಚಿ ನೇತುಹಾಕುವ ಹೊಳಪಿನ ಗುಂಡುಗಳು, ಜೋಡಿಸಿಟ್ಟ ಗೋದಲಿಗಳೇ ಸಿಗುತ್ತವೆ. ದುಡ್ಡಿದ್ದವರು ಕೊಳ್ಳಲಿ. ಆದರೆ ಕೊಂಡ ಗೋದಲಿ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಈ ಅಂಗಳದ್ದು ತಿಂಗಳಿಡೀ ಹತ್ತಾರು ಮನೆಯ ಮಕ್ಕಳನ್ನು, ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ, ಒಂದು ರಟ್ಟಿನ ಪೆಟ್ಟಿಗೆಯ ಸುತ್ತ ಕೂರಿಸುತ್ತದೆ. ಪ್ರತಿ ಊರಿನಲ್ಲೂ ಕೆಲಸ ಬಿಟ್ಟು ಮನೆಯಲ್ಲಿ ಕೂತ ಒಬ್ಬ ಪೇಂಟರೋ ಬಡಗಿಯೋ ದರ್ಜಿಯೋ ಇದ್ದೇ ಇರುತ್ತಾರೆ. ಹಬ್ಬದ ತಿಂಗಳಿಗೆ ಅವರನ್ನು ಕರೆದು ಕುರ್ಚಿ ಹಾಕಿಕೊಡಲು ಹೆಚ್ಚು ದುಡ್ಡು ಬೇಡ.

ಹುಡುಗಿಗೆ ಮಾರ್ಚಿನಲ್ಲಿ ಪರೀಕ್ಷೆ. ಮುಂದೆ ಬೆಂಗಳೂರಿನಲ್ಲಿ ಓದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಬಾಪ್ಪು ಬೇಡ ಎನ್ನುವುದಿಲ್ಲ, ಓದಲಿ ಎನ್ನುತ್ತಾರೆ. ಈಗಲೇ ಸಣ್ಣವರಲ್ಲಿ ಇನ್ನೊಂದು ಕೈ ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಮುಂದಿನ ವರ್ಷ ಅವಳಿಗೆ ರಜೆ ಸಿಕ್ಕಿ ಊರಿಗೆ ಬರುವ ಹೊತ್ತಿಗೆ ಗೋದಲಿ ಕಟ್ಟಿ ಆಗಿರುತ್ತದೆ.