ಉಪಗುತ್ತಿಗೆದಾರರ ದಾಸ್ತಾನು: ತಪಾಸಣೆಯ ಅಧಿಕಾರ ಯಾರದು, ಸದಸ್ಯರ ಹೊಣೆ ಏನು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಭದ್ರಾ ಮೇಲ್ದಂಡೆ ಕಾಲುವೆ, ರಸ್ತೆ, ಪವನ ವಿದ್ಯುತ್ ಗೋಪುರಗಳಂತಹ ಕಾಮಗಾರಿಗಳು ಗ್ರಾಮಗಳ ಅಂಚಿನಲ್ಲೇ ನಡೆಯುತ್ತವೆ. ಇಂತಹ ಕಾಮಗಾರಿಗಳಲ್ಲಿ ಬಂಡೆ ಒಡೆಯುವವರು ಒಬ್ಬರು, ಯಂತ್ರ ನಡೆಸುವವರು ಮತ್ತೊಬ್ಬರು, ಕಬ್ಬಿಣ ಬೆಸೆಯುವವರು ಇನ್ನೊಬ್ಬರು ಇರುವುದು ಸಾಮಾನ್ಯ. ಪ್ರತಿಯೊಬ್ಬರಿಗೂ ಒಂದು ಶೆಡ್, ಒಂದು ಬೀಗ. ಒಳಗೇನಿದೆ ಎಂದು ವಿಚಾರಿಸಿದರೆ ‘ಅದು ಉಪಗುತ್ತಿಗೆದಾರರದ್ದು, ನಮಗೆ ಸಂಬಂಧವಿಲ್ಲ’ ಎಂಬ ಉತ್ತರ ಬರುವುದುಂಟು. ಈ ಉತ್ತರಕ್ಕೆ ಕಾನೂನಿನ ಬೆಂಬಲವಿಲ್ಲ.

ಎರಡು ದುರಂತಗಳ ಪಾಠ

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕಲ್ಲುಗಣಿಗಾರಿಕೆಯ ಸ್ಫೋಟಕಗಳು ಸಿಡಿದು ಹಲವು ಕಾರ್ಮಿಕರು ಮೃತಪಟ್ಟರು. ಒಂದು ತಿಂಗಳ ಬಳಿಕ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಪೊಲೀಸ್ ದಾಳಿಯ ನಂತರ ಬಚ್ಚಿಟ್ಟಿದ್ದ ಕಡ್ಡಿಗಳನ್ನು ರಾತ್ರಿ ವೇಳೆ ವಿಲೇವಾರಿ ಮಾಡಲು ಹೋದಾಗ ಈ ಅನಾಹುತ ಸಂಭವಿಸಿತೆಂದು ವರದಿಯಾಗಿತ್ತು. ಎರಡೂ ಗಣಿಗಾರಿಕೆಯ ಪ್ರಕರಣಗಳು. ಆದರೆ ಕಾಲುವೆ ಮತ್ತು ರಸ್ತೆಗಾಗಿ ಬಂಡೆ ಒಡೆಯುವಲ್ಲಿಯೂ ಇಂತಹ ಸ್ಫೋಟಕಗಳೇ ಬಳಕೆಯಾಗುತ್ತವೆ. ದಾಸ್ತಾನನ್ನು ಪತ್ತೆ ಹಚ್ಚಿದರಷ್ಟೇ ಸಾಲದು, ಅದು ಅಧಿಕೃತ ಕೈಗಳಿಗೆ ಸುರಕ್ಷಿತವಾಗಿ ಸೇರಬೇಕು ಎಂಬುದು ಇಲ್ಲಿನ ಪಾಠ.

ಕಾನೂನು ಏನು ಹೇಳುತ್ತದೆ?

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆಯೂ, ಆ ಕಾಯ್ದೆಯನ್ನು ಒಳಗೊಂಡು ರೂಪುಗೊಂಡ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ‘ಗುತ್ತಿಗೆದಾರ’ ಎಂಬ ಪದದ ಅರ್ಥದಲ್ಲಿ ಉಪಗುತ್ತಿಗೆದಾರರನ್ನೂ ಸೇರಿಸಿವೆ. ಆದ್ದರಿಂದ ಕಾರ್ಮಿಕ ಇಲಾಖೆಯ ನಿರೀಕ್ಷಕರು ಕಾಮಗಾರಿ ಸ್ಥಳವನ್ನು ಪ್ರವೇಶಿಸಿ ಪರಿಶೀಲಿಸುವಾಗ ಉಪಗುತ್ತಿಗೆದಾರರ ಶೆಡ್ ಅದರಿಂದ ಹೊರಗುಳಿಯುವುದಿಲ್ಲ.

ಸ್ಫೋಟಕಗಳಿಗೆ 1884ರ ಕಾಯ್ದೆ ಮತ್ತು 2008ರ ನಿಯಮಗಳು ಅನ್ವಯಿಸುತ್ತವೆ. ಪರವಾನಗಿ ಪಡೆದ ಸ್ಥಳದಲ್ಲಷ್ಟೇ ಅವುಗಳನ್ನು ಸಂಗ್ರಹಿಸಬೇಕು. ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊ ಅಧಿಕಾರಿಗಳಿಗೆ, ಜಿಲ್ಲಾ ದಂಡಾಧಿಕಾರಿಗಳಿಗೆ ಮತ್ತು ನಿಗದಿತ ದರ್ಜೆಯ ಪೊಲೀಸ್ ಅಧಿಕಾರಿಗಳಿಗೆ ತಪಾಸಣೆ ಹಾಗೂ ಜಪ್ತಿಯ ಅಧಿಕಾರವಿದೆ. ಡೀಸೆಲ್ ವಿಷಯದಲ್ಲಿ 1934ರ ಪೆಟ್ರೋಲಿಯಂ ಕಾಯ್ದೆಯು ಪರವಾನಗಿಯಿಲ್ಲದ ದಾಸ್ತಾನಿಗೆ ಮಿತಿ ಹಾಕಿದೆ: ಒಂದೆಡೆ ಒಟ್ಟು 2,500 ಲೀಟರ್, ಯಾವುದೇ ಒಂದು ಪಾತ್ರೆಯಲ್ಲಿ 1,000 ಲೀಟರ್ ಮೀರಬಾರದು.

ಪಂಚಾಯಿತಿಯ ಸ್ಥಾನ

ಇತರ ಇಲಾಖೆಗಳ ಅಥವಾ ಖಾಸಗಿ ಕಾಮಗಾರಿಗಳಲ್ಲಿ ಶೆಡ್‌ನ ಬೀಗ ತೆಗೆಸುವ ಅಧಿಕಾರವನ್ನು ಈ ಕಾಯ್ದೆಗಳು ಪಂಚಾಯಿತಿ ಸದಸ್ಯರಿಗೆ ನೀಡಿಲ್ಲ. ಆದರೆ ವಿಷಯವನ್ನು ಅಧಿಕಾರಿಗಳ ಗಮನಕ್ಕೆ ತರುವ ಮೊದಲ ಅವಕಾಶ ಸ್ಥಳೀಯ ಸದಸ್ಯರದ್ದೇ ಆಗಿರುತ್ತದೆ.

ಪಂಚಾಯಿತಿಯೇ ಕರಾರು ಮಾಡಿಕೊಂಡ ಕಾಮಗಾರಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ತಪಾಸಣೆಯ ಹಕ್ಕು ಕರಾರಿನಿಂದಲೇ ಬರುತ್ತದೆ. ಮುಖ್ಯ ಗುತ್ತಿಗೆದಾರರು ಉಪಗುತ್ತಿಗೆದಾರರ ಹೆಸರನ್ನೂ ದಾಸ್ತಾನು ಸ್ಥಳವನ್ನೂ ಮುಂಚಿತವಾಗಿ ತಿಳಿಸಬೇಕು, ಎಂಜಿನಿಯರ್ ಯಾವಾಗ ಬಂದರೂ ಶೆಡ್ ತೆರೆದು ತೋರಿಸಬೇಕು, ಉಪಗುತ್ತಿಗೆ ನೀಡಿದ ಮಾತ್ರಕ್ಕೆ ಹೊಣೆ ಕಳೆಯದು ಎಂಬ ಮೂರು ಷರತ್ತುಗಳು ಸಹಿಗೆ ಮುನ್ನವೇ ಕರಾರಿನಲ್ಲಿರಬೇಕು. ಕೆಲಸ ಆರಂಭವಾದ ಮೇಲೆ ಇವುಗಳನ್ನು ಸೇರಿಸುವುದು ಕಷ್ಟ.

ಸಂಶಯ ಬಂದಾಗ ಅನುಸರಿಸಬೇಕಾದ ಕ್ರಮ

1. ಸ್ಥಳ, ದಿನಾಂಕ, ಹೊರಗಿನಿಂದ ಕಂಡ ಸಂಗತಿ ಹಾಗೂ ವಸತಿ, ಶಾಲೆ, ರಸ್ತೆಗಳಿಂದ ಇರುವ ದೂರವನ್ನು ಬರೆದಿಟ್ಟುಕೊಳ್ಳುವುದು.

2. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೂಲಕ ತಹಶೀಲ್ದಾರ್, ಪೊಲೀಸ್ ಠಾಣೆ ಮತ್ತು ಕಾರ್ಮಿಕ ಇಲಾಖೆಗೆ ಲಿಖಿತ ಮಾಹಿತಿ ನೀಡಿ ಸ್ವೀಕೃತಿ ಪಡೆಯುವುದು. ಕಾಮಗಾರಿಯ ಮಾಲೀಕ ಇಲಾಖೆಗೂ ಪ್ರತಿ ಕಳುಹಿಸುವುದು.

3. ಸ್ಫೋಟಕದ ಸಂಶಯವಿದ್ದರೆ ಪತ್ರಕ್ಕಾಗಿ ಕಾಯದೆ ಕೂಡಲೇ 112ಕ್ಕೆ ಕರೆ ಮಾಡುವುದು, ಜನರನ್ನು ದೂರವಿರಿಸುವುದು.

4. ಬೀಗ ಒಡೆಯುವುದು, ವಸ್ತುಗಳನ್ನು ಮುಟ್ಟುವುದು, ‘ರಾತ್ರಿಯೊಳಗೆ ಖಾಲಿ ಮಾಡಿ’ ಎಂದು ಒತ್ತಾಯಿಸುವುದು ಸಲ್ಲದು. ಹಿರೇನಾಗವಲ್ಲಿಯ ಪ್ರಕರಣ ಇದಕ್ಕೆ ಎಚ್ಚರಿಕೆಯಾಗಿದೆ.

5. ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿ, ತಪಾಸಣೆ ನಡೆಯಿತೇ, ಫಲಿತಾಂಶವೇನು ಎಂಬುದನ್ನು ನಡವಳಿಯಲ್ಲಿ ದಾಖಲಿಸುವುದು.

ಶೆಡ್‌ನ ಪಕ್ಕದಲ್ಲಿ ಮಲಗುವವರು ಬಹುಪಾಲು ಬೇರೆ ಊರುಗಳಿಂದ ಬಂದ ಕೂಲಿ ಕಾರ್ಮಿಕರು. ಒಳಗೇನಿದೆ ಎಂಬುದು ಅವರಿಗೂ ತಿಳಿದಿರದಿರಬಹುದು. ತಿಳಿದಿದ್ದರೂ ದೂರು ನೀಡುವ ಧೈರ್ಯ ಇರದಿರಬಹುದು. ಸದಸ್ಯರು ಸಕಾಲದಲ್ಲಿ ಬರೆಯುವ ಒಂದು ಪತ್ರ ಗ್ರಾಮಸ್ಥರಷ್ಟೇ ಅಲ್ಲ, ಆ ಕಾರ್ಮಿಕರ ಜೀವಕ್ಕೂ ರಕ್ಷಣೆಯಾಗಬಲ್ಲದು.