ಪಿಕಪ್ ಗಾಡಿ: ಅಲಂಕಾರವೋ, ಹೊರೆಯೋ?

ಅಮೆರಿಕದ ರೈತರು ಬಳಸುವ ಪಿಕಪ್ ಗಾಡಿಗಳಲ್ಲಿ ಫೋರ್ಡ್ ಎಫ್-150 ಹೆಸರಾದುದು. ಇದರಲ್ಲಿ ಎಕ್ಸ್‌ಎಲ್ ಎಂಬುದು ಸಾದಾ ದರ್ಜೆ, ಪ್ಲಾಟಿನಂ ಎಂಬುದು ದುಬಾರಿ ದರ್ಜೆ. ಬೆಲೆ ಹೆಚ್ಚಾದರೆ ಹೊರೆಯೂ ಹೆಚ್ಚು ಹೊರುವುದೆಂದು ತಿಳಿಯಬಾರದು. ಚರ್ಮದ ಆಸನ, ಗಾಜಿನ ಚಾವಣಿ, ದೊಡ್ಡ ಕ್ಯಾಬಿನ್ ಇವೆಲ್ಲ ಗಾಡಿಯ ತೂಕವನ್ನೇ ಹೆಚ್ಚಿಸುತ್ತವೆ.

ಒಟ್ಟು ತೂಕದ ಮಿತಿ 3,000 ಕಿಲೋ ಎಂದಿಟ್ಟುಕೊಳ್ಳಿರಿ. ಖಾಲಿ ಗಾಡಿ 2,100 ಕಿಲೋ ಇದ್ದರೆ 900 ಕಿಲೋ ಹೇರಬಹುದು. 2,400 ಇದ್ದರೆ 600 ಮಾತ್ರ. ಚಾಲಕ, ಜೊತೆಗಾರರ ತೂಕವೂ ಇದರಲ್ಲೇ ಸೇರಿತು. ಅಲ್ಲಿ ಈ ಮಿತಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಚ್ಚುಮಾಡಿರುತ್ತಾರೆ.

ಮಿತಿ ಮೀರಿ ಹೇರಿದರೆ ಟೈರು, ಬ್ರೇಕು, ಕಮಾನು ಬೇಗ ಕೆಡುತ್ತವೆ. ಇಳಿಜಾರಿನಲ್ಲಿ ಗಾಡಿ ನಿಲ್ಲದೆ ಪ್ರಾಣಕ್ಕೇ ಸಂಚಕಾರ. ನೀವೂ ಗಾಡಿ ಕೊಳ್ಳುವಾಗ ಮೊದಲು ಹೊರೆಯ ಮಿತಿ ಕೇಳಿರಿ, ಅಲಂಕಾರ ಆಮೇಲೆ.