ಗೂಡು, ನೂಲು ಮತ್ತು ಕಾಯಕ: ಚಿಕ್ಕಬಳ್ಳಾಪುರ ಸೀಮೆಯ ರೇಷ್ಮೆ ಕಸುಬಿನ ಹಿನ್ನೆಲೆಯಲ್ಲಿ ಕೆಲವು ಟಿಪ್ಪಣಿಗಳು

ಕನ್ನಡ ವಿಮರ್ಶೆಯಲ್ಲಿ ದುಡಿಮೆಯ ಪ್ರಶ್ನೆ ಎದುರಾದಾಗಲೆಲ್ಲ ಹನ್ನೆರಡನೆಯ ಶತಮಾನದ ಕಾಯಕ ಪರಿಕಲ್ಪನೆಯೇ ಚರ್ಚೆಯ ಆರಂಭಬಿಂದುವಾಗುತ್ತದೆ. ಅದು ಸಹಜವೂ ಹೌದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ ಮೊದಲಾದವರ ಹೆಸರುಗಳಲ್ಲಿಯೇ ಕಸುಬು ಸೇರಿಕೊಂಡಿದೆ. ಆದರೆ ಈ ಚರ್ಚೆ ಬಹುಮಟ್ಟಿಗೆ ಮೌಲ್ಯದ ನೆಲೆಯಲ್ಲಿಯೇ ನಿಂತಿದೆ. ನಿರ್ದಿಷ್ಟ ಕಸುಬೊಂದು ದುಡಿಯುವವರ ಹೊತ್ತು, ಮಾತು, ಮೈ ಹಾಗೂ ಸಂಬಂಧಗಳನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆ ಹಿಂದೆ ಸರಿದಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ರೇಷ್ಮೆ ಕಸುಬನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಪಿನಾಕಿನಿ, ಚಿತ್ರಾವತಿಗಳು ಹುಟ್ಟಿದರೂ ಬೇಸಾಯಕ್ಕೆ ಆಧಾರವಾದದ್ದು ಕೆರೆ, ಬಾವಿ, ಅನಂತರ ಕೊಳವೆಬಾವಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ ಮೈಸೂರು ಸೀಮೆಯಲ್ಲಿ ನೆಲೆಯೂರಿದ ರೇಷ್ಮೆ ಇಲ್ಲಿ ಬಲವಾಗಿ ಬೇರುಬಿಡಲು ಈ ನೀರಿನ ಸ್ಥಿತಿಯೂ ಒಂದು ಕಾರಣ. ಹಿಪ್ಪುನೇರಳೆಯನ್ನು ಒಮ್ಮೆ ನೆಟ್ಟರೆ ಹಲವು ವರ್ಷ ಸೊಪ್ಪು ಕೊಯ್ಯಬಹುದು. ವರ್ಷದಲ್ಲಿ ನಾಲ್ಕೈದು ಬೆಳೆ ಹುಳು ಮೇಯಿಸಿದರೆ ಸಣ್ಣ ಹಿಡುವಳಿಯವರ ಕೈಗೂ ಆಗಾಗ ಹಣ ಬರುತ್ತದೆ.

ಈ ಬೆಳೆ ಮನೆಯೊಳಗೆ ಬೆಳೆಯುವಂಥದು. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗೆ ಸುಮಾರು ೨೫ ದಿನ ಬೇಕು. ಅಷ್ಟರಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡಾ ೮೦ಕ್ಕಿಂತ ಹೆಚ್ಚು ಭಾಗ ಕೊನೆಯ ಹಂತದ್ದೇ. ಆ ವಾರ ಮನೆಯವರ ಊಟ, ನಿದ್ದೆ, ನೆಂಟರ ಮನೆಗೆ ಹೋಗಿಬರುವುದು ಎಲ್ಲವೂ ಹುಳುವಿನ ಹಸಿವನ್ನು ಅನುಸರಿಸುತ್ತವೆ. ಸೊಪ್ಪು ಹಾಕುವುದು, ಕಸ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಗೂಡನ್ನು ಮಾರುಕಟ್ಟೆಗೆ ಒಯ್ದು ಹಣ ಎಣಿಸಿಕೊಳ್ಳುವುದು ಹೆಚ್ಚಾಗಿ ಗಂಡಸರ ಕೆಲಸ. ಒಂದೇ ಕಸುಬು ಒಂದೇ ಮನೆಯೊಳಗೆ ಎರಡು ಬಗೆಯ ಬದುಕನ್ನು ರೂಪಿಸುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

೨

ಕಸುಬು ನುಡಿಯನ್ನೂ ರೂಪಿಸುತ್ತದೆ. ಹುಳು ಮೇವು ಬಿಟ್ಟು ಪೊರೆ ಕಳಚುವ ಸ್ಥಿತಿಗೆ ರೈತರು ಬಳಸುವ ಮಾತು 'ಜ್ವರ'. ಒಂದನೇ ಜ್ವರ, ಎರಡನೇ ಜ್ವರ ಎಂದು ದಿನಗಳ ಲೆಕ್ಕ ಸಾಗುತ್ತದೆ. ಗೂಡು ಕಟ್ಟಲು ಸಿದ್ಧವಾದ ಹುಳು 'ಹಣ್ಣಾಗುತ್ತದೆ'; ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಬೇನೆಗಳ ಹೆಸರುಗಳೂ ಹೀಗೆಯೇ: ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ. ಜ್ವರ ಮನುಷ್ಯರ ಮೈಯಿಂದಲೂ ಹಣ್ಣು ಗಿಡಮರಗಳಿಂದಲೂ ಬಂದ ಪದ. ಹುಳುವನ್ನು ಮನೆಯ ಜೀವವಾಗಿ ಮತ್ತು ಹೊಲದ ಬೆಳೆಯಾಗಿ ಏಕಕಾಲದಲ್ಲಿ ಕಾಣುವ ಲೋಕದೃಷ್ಟಿ ಈ ಪದಗಳಲ್ಲಿದೆ.

ತೆಲುಗು, ಕನ್ನಡ, ದಖನಿ ಉರ್ದು ಬೆರೆತ ಗಡಿಸೀಮೆಯಿದು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ಬಳೆ ಮಾರುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅವರ ರಚನೆಗಳು ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಇವೆ. ರೇಷ್ಮೆಯಲ್ಲಿಯೂ ಮನೆಯಲ್ಲಿ ತೆಲುಗನ್ನಾಡುವ ಬೆಳೆಗಾರ, ದಖನಿಯನ್ನಾಡುವ ನೂಲು ಬಿಚ್ಚುವವ ಮಾರುಕಟ್ಟೆಯಲ್ಲಿ ಎದುರಾಗುತ್ತಾರೆ. ಅಲ್ಲಿ ಭಾಷೆ ಅನನ್ಯತೆಯ ಗುರುತಾಗುವುದಕ್ಕಿಂತ ವ್ಯವಹಾರದ ಸೇತುವೆಯಾಗುತ್ತದೆ.

೩

ಆ ಮಾರುಕಟ್ಟೆಯಲ್ಲಿ ಕಾಲವೇ ಮುಖ್ಯ. ಗೂಡಿನೊಳಗಿನ ಕೋಶ ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ; ಹಾಗಾದರೆ ಎಳೆ ಕೆಡುತ್ತದೆ. ಆದ್ದರಿಂದ ಬೆಲೆ ಬರಲೆಂದು ಬೆಳೆಗಾರ ಕಾಯುವಂತಿಲ್ಲ. ಕರ್ನಾಟಕದಲ್ಲಿ ೧೯೫೯ರ ಕಾಯಿದೆಯು ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ನಿಯಂತ್ರಣಕ್ಕೆ ತಂದದ್ದರ ಮಹತ್ವವನ್ನು ಈ ಅಸಹಾಯಕತೆಯ ಹಿನ್ನೆಲೆಯಲ್ಲಿ ಅರಿಯಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಪ್ರಾಮುಖ್ಯವೂ ಇದರಿಂದಲೇ.

ಮುಂದಿನದು ನೂಲು ಬಿಚ್ಚಾಣಿಕೆ. ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡುವವರ ಬೆರಳುಗಳು ಬಿಸಿನೀರಿನಲ್ಲಿ ನೆನೆದು ಚರ್ಮ ಸುಲಿಯುತ್ತವೆ. ಹಬೆ, ಬೆಂದ ಕೋಶದ ವಾಸನೆ ದಿನವಿಡೀ ಇರುತ್ತವೆ. ಮುಂಗಡ ಹಣಕ್ಕೆ ಮಕ್ಕಳನ್ನು ದುಡಿಸಿದ ಚರಿತ್ರೆಯೂ ರೇಷ್ಮೆಗಿದೆ. ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ ೧೯೭೬ರಷ್ಟು ಹಿಂದಿನದಾದರೂ, ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತದ ಮಕ್ಕಳಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ೨೦೦೩ರ ವರದಿಯಲ್ಲಿ ದಾಖಲಿಸಿತು.

ಕದಿರ ರೆಮ್ಮವ್ವೆಯ ವಚನದಲ್ಲಿ ರಾಟೆಯ ಒಂದೊಂದು ಅಂಗವೂ ದೈವಸ್ವರೂಪ ಪಡೆಯುತ್ತದೆ. ಅಲ್ಲಿ ರಾಟೆ ತಿರುಗಿಸುವವಳೇ ಅದರ ಅರ್ಥವನ್ನೂ ಹೇಳುತ್ತಾಳೆ. ಮುಂಗಡಕ್ಕೆ ಸಿಕ್ಕಿ ಚರಕ ತಿರುಗಿಸುವವರಿಗೆ ನೂಲೂ ತಮ್ಮದಲ್ಲ, ಅರ್ಥ ಹೇಳುವ ಅವಕಾಶವೂ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಡೆದ ಪ್ರಸಂಗ ಪ್ರಸಿದ್ಧವಾದುದು. ಎಷ್ಟು ಸಾಕು ಎಂದು ದುಡಿಯುವವರೇ ನಿರ್ಧರಿಸುವುದು ಅಲ್ಲಿನ ತಿರುಳು. ಸಾಲದ ದುಡಿಮೆಯಲ್ಲಿ ಆ ಅಳತೆಯನ್ನು ಸಾಲ ಕೊಟ್ಟವರು ನಿರ್ಧರಿಸುತ್ತಾರೆ. ಆದುದರಿಂದ ಎಲ್ಲ ದುಡಿಮೆಯನ್ನೂ ಕಾಯಕವೆಂದು ಕರೆಯುವುದು ದುಡಿಯುವವರಿಗೆ ಸಲ್ಲಿಸುವ ಗೌರವವಾಗುವುದಿಲ್ಲ. ಅನೇಕ ವೇಳೆ ಅವರ ನೋವನ್ನು ಮರೆಮಾಚುವ ಮಾತಾಗುತ್ತದೆ. ಶಿವರಾಮ ಕಾರಂತರ 'ಚೋಮನ ದುಡಿ'ಯ (೧೯೩೩) ಚೋಮನನ್ನು ರೂಪಿಸುವುದು ಅವನು ಮಾಡುವ ಜೀತವಷ್ಟೇ ಅಲ್ಲ, ಅವನಿಗೆ ನಿರಾಕರಿಸಲಾದ ಬೇಸಾಯವೂ ಹೌದು. ದುಡಿಮೆಯ ಅಧ್ಯಯನ ಈ ನಿರಾಕರಣೆಯನ್ನೂ ಒಳಗೊಳ್ಳಬೇಕಾಗುತ್ತದೆ.

೪

ವಚನಗಳ ಸಂಪಾದನೆಯಲ್ಲಿ ಹಿರಿಯ ಹೆಸರಾದ ಎಲ್. ಬಸವರಾಜು ಅವರು ಗೌರಿಬಿದನೂರು ತಾಲ್ಲೂಕಿನ ಇಡಗೂರಿನವರು. ಅಂಥ ವಿದ್ವಾಂಸರಿಂದ ವಚನಗಳ ಪಠ್ಯ ನಮಗೆ ಲಭ್ಯವಾಗಿದೆ. ಅದೇ ಸೀಮೆಯ ಕಸುಬಿನ ನುಡಿಯೂ ಅಂಥದೇ ಸಂಗ್ರಹವನ್ನು ಬೇಡುತ್ತದೆ. ಸ್ವಯಂಚಾಲಿತ ಯಂತ್ರಗಳು ಬೆರಳುಗಳನ್ನು ಬಿಸಿನೀರಿನಿಂದ ಬಿಡಿಸುವುದು ಸ್ವಾಗತಾರ್ಹ. ಆದರೆ ಚರಕದೊಡನೆ ಅದರ ಪದಗಳೂ, ಆ ಕೆಲಸದ ನೆನಪುಗಳೂ ಮರೆಯಾಗಬಹುದು. ಕಸುಬಿನ ಪದಕೋಶ ಹಾಗೂ ಬಿಚ್ಚಾಣಿಕೆಯ ಹೆಂಗಸರ ಬದುಕಿನ ಕಥನಗಳನ್ನು ದಾಖಲಿಸುವುದು ಕನ್ನಡ ವಿಭಾಗಗಳಿಗೆ ಸೇರಿದ ಕೆಲಸವೇ ಆಗಿದೆ. ಹಾಗೆ ದಾಖಲಾದ ಮಾತುಗಳ ಎದುರು ಕಾಯಕ ಪರಿಕಲ್ಪನೆಯನ್ನು ಮತ್ತೆ ಓದಿದಾಗ, ಯಾವ ದುಡಿಮೆ ಮನುಷ್ಯರನ್ನು ಬೆಳೆಸುತ್ತದೆ, ಯಾವುದು ಸವೆಸುತ್ತದೆ ಎಂಬ ವಿವೇಚನೆ ಹೆಚ್ಚು ಖಚಿತವಾಗುತ್ತದೆ.